43 ಡಿಗ್ರಿಯಲ್ಲೂ ಅಪ್ಪನ ಅಂಗಿ ಒಣಗಿಯೇ ಇರುವುದೇಕೆ?

ಪ್ರಶ್ನೆ: ನಮ್ಮದು ಚಿತ್ತಾಪುರ ತಾಲ್ಲೂಕಿನ ಹಳ್ಳಿ. ಅಪ್ಪನಿಗೆ 67 ವರ್ಷ, ಬಿಪಿ ಮಾತ್ರೆ ನುಂಗುತ್ತಾರೆ. ಮೇ ತಿಂಗಳಲ್ಲೂ ಹೊಲ ಹಸನು ಮಾಡುವ ಕೆಲಸವೆಂದು ಮಧ್ಯಾಹ್ನದವರೆಗೆ ಹೊಲದಲ್ಲೇ ಇರುತ್ತಾರೆ. 43 ಡಿಗ್ರಿ ಬಿಸಿಲಲ್ಲೂ ಅವರ ಅಂಗಿ ಒದ್ದೆಯಾಗುವುದಿಲ್ಲ. ‘ನನಗೆ ಬೆವರೇ ಬರುವುದಿಲ್ಲ, ಬಿಸಿಲು ನನಗೆ ರೂಢಿಯಾಗಿದೆ’ ಎನ್ನುತ್ತಾರೆ. ನಾನು ಮಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ಅಲ್ಲಿ 34 ಡಿಗ್ರಿಗೇ ತೊಯ್ದು ತೊಪ್ಪೆಯಾಗುತ್ತೇನೆ. ನಮ್ಮ ಕಡೆಯವರಿಗೆ ನಿಜವಾಗಿಯೂ ಬೆವರು ಬರುವುದಿಲ್ಲವೇ? ಎರಡರಲ್ಲಿ ಯಾವ ಸೆಕೆ ಹೆಚ್ಚು ಅಪಾಯ? ಮನೆಯಲ್ಲಿ ಫ್ಯಾನ್ ಹಾಕಿದರೆ ‘ಬೆಂಕಿ ಗಾಳಿ’ ಎಂದು ಆರಿಸುತ್ತಾರೆ, ಆದರೆ ಜೇಬಿನಲ್ಲಿ ಉಳ್ಳಾಗಡ್ಡಿ ಇಟ್ಟುಕೊಳ್ಳುವುದನ್ನು ಬಿಡುವುದಿಲ್ಲ. ಅವರಿಗೆ ಹೇಗೆ ತಿಳಿಸಿ ಹೇಳಲಿ?

ಉತ್ತರ: ನಿಮ್ಮ ತಂದೆಯವರಿಗೆ ಬೆವರು ಬರುತ್ತದೆ. ಮಂಗಳೂರಿನಲ್ಲಿ ನಿಮಗೆ ಬರುವುದಕ್ಕಿಂತ ಹೆಚ್ಚೇ ಬರುತ್ತಿರಲೂಬಹುದು. ಕಲಬುರಗಿ ಸೀಮೆಯ ಬೇಸಿಗೆ ಗಾಳಿ ಎಷ್ಟು ಒಣಗಿರುತ್ತದೆಂದರೆ, ಬೆವರು ಚರ್ಮದ ಮೇಲೆ ಬಂದ ಕೂಡಲೇ ಅದನ್ನು ಹೀರಿಬಿಡುತ್ತದೆ. ಅಂಗಿಯನ್ನು ತೋಯಿಸುವಷ್ಟು ಹೊತ್ತು ಅದು ಉಳಿಯುವುದೇ ಇಲ್ಲ. ಸಾಕ್ಷಿ ಬೇಕಿದ್ದರೆ ಸಂಜೆ ಅವರು ಬಿಚ್ಚಿಟ್ಟ ಅಂಗಿಯನ್ನು ಬೆಳಕಿಗೆ ಹಿಡಿದು ನೋಡಿ. ಬೆನ್ನಿನ ನಡುವೆ, ಕಂಕುಳ ಹೊಲಿಗೆಯ ಸುತ್ತ, ಕೊರಳಪಟ್ಟಿಯ ಒಳಬದಿಯಲ್ಲಿ ಬಿಳಿ ಗೆರೆಗಳು ಒಂದರ ಹಿಂದೊಂದು ಬಳುಕಿಕೊಂಡು ಹೋಗಿರುತ್ತವೆ. ಉಗುರಿನಿಂದ ಕೆರೆದರೆ ಪುಡಿ ಉದುರುತ್ತದೆ. ಅದು ಉಪ್ಪು. ನೀರು ಹಾರಿಹೋಗಿದೆ, ಅದರಲ್ಲಿದ್ದ ಉಪ್ಪು ಬಟ್ಟೆಯಲ್ಲಿ ಉಳಿದಿದೆ. ಇನ್ನೂ ಗಟ್ಟಿ ಲೆಕ್ಕ ಬೇಕೆಂದರೆ, ಬೆಳಿಗ್ಗೆ ಹೊಲಕ್ಕೆ ಹೊರಡುವ ಮುಂಚೆ ಒಮ್ಮೆ, ಮರಳಿ ಬಂದ ಕೂಡಲೇ ಒಮ್ಮೆ ಅವರನ್ನು ತಕ್ಕಡಿಯ ಮೇಲೆ ನಿಲ್ಲಿಸಿ. ನಡುವೆ ಕುಡಿದದ್ದನ್ನೂ ತಿಂದದ್ದನ್ನೂ ಲೆಕ್ಕಕ್ಕೆ ಹಿಡಿದ ಮೇಲೆ ಕಡಿಮೆಯಾದ ಒಂದೊಂದು ಕಿಲೋ ಸುಮಾರು ಒಂದೊಂದು ಲೀಟರ್ ನೀರು. ಬಾಯಿಮಾತಿಗಿಂತ ತಕ್ಕಡಿಯ ಮಾತನ್ನು ರೈತರು ಬೇಗ ನಂಬುತ್ತಾರೆ.

ಈ ಬೆವರು ಯಾಕೆ ಬೇಕು ಎಂಬುದಕ್ಕೆ ಸ್ವಲ್ಪ ಒಳಗೆ ಹೋಗಬೇಕು. ದೇಹದ ಒಳಗಿನ ಉಷ್ಣತೆ 37 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲೇ ನಿಲ್ಲಬೇಕು. ಆದರೆ ಕಟ್ಟೆಯ ಮೇಲೆ ಸುಮ್ಮನೆ ಕುಳಿತಿದ್ದರೂ ನಮ್ಮೊಳಗೆ 80ರಿಂದ 100 ವ್ಯಾಟ್ ಶಾಖ ಹುಟ್ಟುತ್ತಲೇ ಇರುತ್ತದೆ. ಗುದ್ದಲಿ ಹಿಡಿದರೆ ಅದು 300-400 ವ್ಯಾಟ್‌ಗೆ ಏರುತ್ತದೆ. ಸ್ನಾಯುಗಳು ಖರ್ಚು ಮಾಡುವ ಶಕ್ತಿಯಲ್ಲಿ ಗುದ್ದಲಿಗೆ ತಲುಪುವುದು ಹೆಚ್ಚೆಂದರೆ ಕಾಲು ಭಾಗ, ಉಳಿದದ್ದೆಲ್ಲ ಶಾಖವೇ. ಇದು ಹೊರಗೆ ಹೋಗದೆ ಉಳಿದರೆ, ಸುಮ್ಮನೆ ಕುಳಿತವನ ಮೈಯೂ ಗಂಟೆಗೆ ಒಂದು ಡಿಗ್ರಿಗಿಂತ ಹೆಚ್ಚು ಕಾಯುತ್ತದೆ. ಮೂರು ನಾಲ್ಕು ಡಿಗ್ರಿ ಏರಿದರೆ ಪ್ರಾಣಕ್ಕೇ ಕುತ್ತು.

ಮಿದುಳಿನ ತಳದಲ್ಲಿರುವ ಹೈಪೋಥಾಲಮಸ್ ಇದರ ಮೇಲೆ ಸದಾ ಕಣ್ಣಿಟ್ಟಿರುತ್ತದೆ. ರಕ್ತ ಒಂದಿಷ್ಟು ಬಿಸಿಯಾದರೂ ಅದು ಮೊದಲು ಚರ್ಮದ ರಕ್ತನಾಳಗಳನ್ನು ಹಿಗ್ಗಿಸುತ್ತದೆ. ಸಾಮಾನ್ಯ ವೇಳೆಯಲ್ಲಿ ಚರ್ಮಕ್ಕೆ ಹರಿಯುವ ರಕ್ತ ನಿಮಿಷಕ್ಕೆ ಅರ್ಧ ಲೀಟರಿನ ಒಳಗೇ ಇರುತ್ತದೆ. ಕಡು ಸೆಕೆಯಲ್ಲಿ ಅದು ಆರೇಳು ಲೀಟರಿಗೂ ಏರಬಲ್ಲದು. ಒಳಗಿನ ಶಾಖವನ್ನು ಹೊತ್ತು ಹೊರಗೆ ತರುವುದು ಈ ರಕ್ತವೇ. ಅದನ್ನೆಲ್ಲ ದೂಡುವ ಭಾರ ಹೃದಯದ್ದು. ಬಿಸಿಲಿನಲ್ಲಿ ಕುಳಿತು ಎದ್ದಾಗ ಕಣ್ಣು ಕತ್ತಲೆ ಬರುವುದು, ಬಸ್ಸಿನ ಸಾಲಿನಲ್ಲಿ ನಿಂತವರು ಕುಸಿಯುವುದು ಇದೇ ಕಾರಣಕ್ಕೆ: ರಕ್ತವೆಲ್ಲ ಚರ್ಮಕ್ಕೂ ಕಾಲಿಗೂ ಇಳಿದಿರುತ್ತದೆ, ತಲೆಗೆ ಸಾಲುವುದಿಲ್ಲ. ಬಿಸಿಗಾಳಿಯ ದಿನಗಳಲ್ಲಿ ತೀರಿಹೋಗುವ ವಯಸ್ಸಾದವರಲ್ಲಿ ಬಹಳ ಮಂದಿಯದು ಹೃದಯ ಸೋತು ಬಂದ ಸಾವು. ಅದು ಬಿಸಿಲಿನ ಲೆಕ್ಕಕ್ಕೆ ಬರುವುದೇ ಇಲ್ಲ.

ಚರ್ಮಕ್ಕೆ ಬಂದ ಶಾಖ ಅಲ್ಲಿಂದ ಗಾಳಿಗೆ ದಾಟಬೇಕು. ಚರ್ಮದ ಉಷ್ಣತೆ ಸೆಕೆಯಲ್ಲಿ ಸುಮಾರು 35 ಡಿಗ್ರಿ. ಗಾಳಿ ಅದಕ್ಕಿಂತ ತಂಪಾಗಿರುವವರೆಗೆ ಶಾಖ ತಾನಾಗಿ ಹೊರಗೆ ಹರಿಯುತ್ತದೆ. 35 ದಾಟಿತೆಂದರೆ ಹರಿವು ತಿರುಗುತ್ತದೆ. ಗಾಳಿ, ಬಿಸಿಲು, ಕಾದ ಗೋಡೆ, ಕಾದ ಎರೆ ಮಣ್ಣು ಎಲ್ಲವೂ ನಮಗೇ ಶಾಖ ಕೊಡತೊಡಗುತ್ತವೆ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ, ಯಾದಗಿರಿಗಳಲ್ಲಿ ಬೆಳಿಗ್ಗೆ ಹನ್ನೊಂದರಿಂದ ಸಂಜೆ ಐದರವರೆಗಿನ ಸ್ಥಿತಿ ಇದೇ. ಬೀದರ್ ಎತ್ತರದ ಪ್ರಸ್ಥಭೂಮಿಯ ಮೇಲಿರುವುದರಿಂದ ಒಂದೆರಡು ಡಿಗ್ರಿ ವಿನಾಯಿತಿ ಪಡೆಯುತ್ತದೆ, ಅಷ್ಟೇ. ಆ ಆರು ಗಂಟೆ ದೇಹಕ್ಕೆ ಉಳಿಯುವ ದಾರಿ ಒಂದೇ: ಬೆವರು.

ಬೆವರು ಬಂದರಷ್ಟೇ ಸಾಲದು, ಅದು ಆವಿಯಾಗಬೇಕು. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 580 ಕಿಲೋಕ್ಯಾಲರಿ ಶಾಖವನ್ನು ಕೊಂಡೊಯ್ಯುತ್ತದೆ. ಹನಿಯಾಗಿ ನೆಲಕ್ಕೆ ತೊಟ್ಟಿಕ್ಕಿದ ಬೆವರು, ಟವೆಲ್ಲಿನಿಂದ ಒರೆಸಿ ತೆಗೆದ ಬೆವರು ಬಹುಮಟ್ಟಿಗೆ ದಂಡ. ನಿಮ್ಮ ಮನೆಯ ಮೂಲೆಯಲ್ಲಿರುವ ರಂಜಣಗಿಯ, ಅಂದರೆ ಕುಡಿಯುವ ನೀರಿನ ಮಣ್ಣಿನ ಪಾತ್ರೆಯ, ಕೆಲಸವೂ ಇದೇ. ಮಣ್ಣಿನ ಸಣ್ಣ ರಂಧ್ರಗಳಿಂದ ಜಿನುಗಿದ ನೀರು ಹೊರಮೈಯಲ್ಲಿ ಆವಿಯಾಗುತ್ತ ಒಳಗಿನ ನೀರನ್ನು ತಂಪಾಗಿಸುತ್ತದೆ. ಅದೇ ರಂಜಣಗಿಯನ್ನು ಮಂಗಳೂರಿಗೆ ಒಯ್ದರೆ ಅಷ್ಟು ತಂಪು ಸಿಗುವುದಿಲ್ಲ, ಏಕೆಂದರೆ ಅಲ್ಲಿನ ಗಾಳಿಯಲ್ಲಿ ನೀರು ಮೊದಲೇ ತುಂಬಿಕೊಂಡಿರುತ್ತದೆ.

ಇದನ್ನು 1775ರಲ್ಲೇ ಲಂಡನ್ನಿನಲ್ಲಿ ಚಾರ್ಲ್ಸ್ ಬ್ಲ್ಯಾಗ್ಡೆನ್ ಎಂಬ ವೈದ್ಯ ತೋರಿಸಿಕೊಟ್ಟ. ಆತ ಮತ್ತು ಗೆಳೆಯರು ಒಲೆಯಿಂದ ಕಾಯಿಸಿದ ಒಣ ಕೋಣೆಯೊಳಗೆ ಹೋಗಿ ನಿಂತರು. ಅಲ್ಲಿನ ಗಾಳಿ ಸುಮಾರು 127 ಡಿಗ್ರಿ ಸೆಲ್ಸಿಯಸ್, ಅಂದರೆ ನೀರು ಕುದಿಯುವುದಕ್ಕಿಂತ ಬಹಳ ಮೇಲೆ. ಅದೇ ಕೋಣೆಯಲ್ಲಿ ತಗಡಿನ ಮೇಲೆ ಇಟ್ಟ ಮೊಟ್ಟೆಗಳು ಸುಮಾರು ಇಪ್ಪತ್ತು ನಿಮಿಷದಲ್ಲಿ ಗಟ್ಟಿಯಾಗಿ ಬೆಂದವು, ಮಾಂಸದ ತುಂಡೂ ಬೆಂದಿತು. ಕೆಲವು ನಿಮಿಷ ಒಳಗಿದ್ದು ಹೊರಬಂದ ಮನುಷ್ಯರಿಗೆ ಮಾತ್ರ ಏನೂ ಆಗಲಿಲ್ಲ. ನನಗೆ ಇದಕ್ಕಿಂತ ಹಿಡಿಸುವುದು ಅವರು ಅಲ್ಲೇ ಇಟ್ಟಿದ್ದ ಮಣ್ಣಿನ ಪಾತ್ರೆಯ ನೀರು. ಒಂದೂವರೆ ಗಂಟೆಯಾದರೂ ಅದು 60 ಡಿಗ್ರಿ ದಾಟಲಿಲ್ಲ, ಆವಿಯಾಗುತ್ತ ತನ್ನನ್ನು ತಾನೇ ತಣಿಸಿಕೊಳ್ಳುತ್ತಿತ್ತು. ಮೇಲೆ ಒಂದಿಷ್ಟು ಎಣ್ಣೆ ಹನಿಸಿ ಆವಿಯ ದಾರಿ ಮುಚ್ಚಿದ ಮೇಲೆ ಅದೇ ನೀರು ಕೊತಕೊತ ಕುದಿಯಿತು.

ಈಗ ನಿಮ್ಮ ಎರಡನೆಯ ಪ್ರಶ್ನೆ. ಗಾಳಿಗೆ ನೀರನ್ನು ಎಳೆದುಕೊಳ್ಳುವ ಶಕ್ತಿ ಎಷ್ಟಿದೆ ಎಂದು ಅಳೆಯಲು ಹಳೆಯ ಉಪಾಯವೊಂದಿದೆ: ಉಷ್ಣಮಾಪಕದ ಬುರುಡೆಗೆ ಒದ್ದೆ ಬಟ್ಟೆ ಸುತ್ತಿ ಗಾಳಿಗೆ ಹಿಡಿಯುವುದು. ಅದು ಇಳಿದು ನಿಲ್ಲುವ ಮಟ್ಟವನ್ನು ಒದ್ದೆ ಬುರುಡೆಯ ತಾಪ ಎನ್ನೋಣ. ಅದು ಕೆಳಗಿದ್ದಷ್ಟೂ ಬೆವರು ಮೈಯನ್ನು ಹೆಚ್ಚು ತಣಿಸಬಲ್ಲದು. 43 ಡಿಗ್ರಿ, ಶೇಕಡಾ 15 ತೇವಾಂಶವಿರುವ ನಿಮ್ಮೂರಿನ ಮಧ್ಯಾಹ್ನದಲ್ಲಿ ಅದು ಸುಮಾರು 23ಕ್ಕೆ ಇಳಿಯುತ್ತದೆ. 34 ಡಿಗ್ರಿ, ಶೇಕಡಾ 65 ತೇವಾಂಶದ ಮಂಗಳೂರಿನಲ್ಲಿ 28ರ ಮೇಲೆಯೇ ನಿಲ್ಲುತ್ತದೆ. ಈ ಒಂದು ಅಂಕಿಯನ್ನು ನೋಡಿ ‘ಹಾಗಾದರೆ ಕಲಬುರಗಿಯೇ ವಾಸಿ’ ಎನ್ನುವವರಿದ್ದಾರೆ. ಆತುರ ಬೇಡ.

ಒದ್ದೆ ಬುರುಡೆಯ ತಾಪ 35 ಮುಟ್ಟಿದರೆ ಎಂಥ ಗಟ್ಟಿಮುಟ್ಟಾದ ಮನುಷ್ಯನೂ ಕೆಲವು ಗಂಟೆಗಳಿಗಿಂತ ಹೆಚ್ಚು ಬದುಕಲಾರ ಎಂಬ ಲೆಕ್ಕಾಚಾರ 2010ರಲ್ಲಿ ಬಂತು. ಆಮೇಲೆ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಆರೋಗ್ಯವಂತ ಯುವಕ ಯುವತಿಯರನ್ನೇ ಬಿಸಿ ಕೋಣೆಯಲ್ಲಿಟ್ಟು ಹಗುರ ಕೆಲಸ ಮಾಡಿಸಿ ನೋಡಿದಾಗ ಮಿತಿ ಇನ್ನೂ ಕೆಳಗಿದೆ ಎಂದು ತಿಳಿಯಿತು. ತೇವದ ಸೆಕೆಯಲ್ಲಿ 30-31ಕ್ಕೇ ಒಳಗಿನ ಉಷ್ಣತೆ ಹಿಡಿತ ತಪ್ಪಿ ಏರತೊಡಗಿತು. ಒಣ ಸೆಕೆಯಲ್ಲಂತೂ 25ರಿಂದ 28ರೊಳಗೇ ಏರಿತು. ಒಣ ಸೆಕೆಯಲ್ಲಿ ಮಿತಿ ಇನ್ನೂ ಕೆಳಗೆ ಬಂದದ್ದು ಏಕೆ? ಅಲ್ಲಿ ಗಾಳಿ ಎಷ್ಟು ಬೆವರನ್ನಾದರೂ ಒಯ್ಯಲು ಸಿದ್ಧವಿದೆ, ಅಷ್ಟನ್ನು ಸುರಿಸಲು ದೇಹಕ್ಕೆ ಆಗುವುದಿಲ್ಲ. ನಮ್ಮ ಮೈಯಲ್ಲಿ 20ರಿಂದ 40 ಲಕ್ಷ ಬೆವರುಗ್ರಂಥಿಗಳಿದ್ದರೂ ಅವುಗಳಿಗೊಂದು ಮಿತಿಯಿದೆ. ಮಂಗಳೂರಿನಲ್ಲಿ ಬೆವರು ಧಾರಾಳ, ಗಾಳಿ ಅದನ್ನು ಒಲ್ಲೆ ಎನ್ನುತ್ತದೆ. ಕಲಬುರಗಿಯಲ್ಲಿ ಗಾಳಿ ಇನ್ನೂ ಬೇಕು ಎನ್ನುತ್ತದೆ, ದೇಹದ ಬಳಿ ಇರುವುದಿಲ್ಲ. ಅಪಾಯ ಎರಡೂ ಕಡೆ ಇದೆ. ನಿಮ್ಮ ಅಪಾಯ ನಿಮ್ಮ ಅಂಗಿಯಲ್ಲೇ ಕಾಣುತ್ತದೆ, ನಿಮ್ಮ ತಂದೆಯವರದು ಕಾಣುವುದಿಲ್ಲ.

ಬಿಸಿಲಲ್ಲಿ ಗುದ್ದಲಿ ಕೆಲಸ ಮಾಡುವವರ ಮೈಯಲ್ಲಿ ಹುಟ್ಟುವ ಶಾಖ ಮತ್ತು ಹೊರಗಿನಿಂದ ಬರುವ ಶಾಖ ಎರಡನ್ನೂ ಕೂಡಿಸಿದರೆ ಗಂಟೆಗೆ ಮುಕ್ಕಾಲರಿಂದ ಒಂದು ಲೀಟರ್ ಬೆವರು ಆವಿಯಾಗಬೇಕು. ಐದು ಗಂಟೆಗೆ ನಾಲ್ಕೈದು ಲೀಟರ್. ಬಾಯಾರಿಕೆ ಈ ಲೆಕ್ಕವನ್ನು ಸರಿಯಾಗಿ ಹೇಳುವುದಿಲ್ಲ, ಅದು ಯಾವಾಗಲೂ ತಡವಾಗಿ ಬರುತ್ತದೆ. ಅರವತ್ತು ದಾಟಿದವರಲ್ಲಿ ಇನ್ನೂ ತಡ. ಆದ್ದರಿಂದ ಬಾಯಾರಿಕೆಗೆ ಕಾಯದೆ ಪ್ರತಿ 15-20 ನಿಮಿಷಕ್ಕೊಂದು ಲೋಟ ಕುಡಿಯಬೇಕು. ಮಧ್ಯಾಹ್ನ ಬಂದು ಒಂದೇ ಏಟಿಗೆ ತಂಬಿಗೆ ಎತ್ತಿದರೆ ಪ್ರಯೋಜನ ಕಡಿಮೆ, ಕರುಳು ಗಂಟೆಗೆ ಒಂದು ಲೀಟರಿಗಿಂತ ಹೆಚ್ಚು ಹೀರಿಕೊಳ್ಳುವುದು ಕಷ್ಟ. ಮೂತ್ರ ತಿಳಿ ಹಳದಿಯಾಗಿದ್ದರೆ ಸರಿ. ಗಾಢವಾಗಿ, ಸ್ವಲ್ಪವೇ ಬಂದರೆ ನೀರು ಸಾಲದು. ಬರೀ ನೀರನ್ನೇ ಸುರಿದುಕೊಳ್ಳುವುದೂ ತಪ್ಪು, ಏಕೆಂದರೆ ಅಂಗಿಯ ಮೇಲೆ ಕಂಡ ಆ ಉಪ್ಪೂ ಮರಳಿ ಬರಬೇಕು. ಇದಕ್ಕೆ ನಮ್ಮ ಅಡುಗೆಮನೆಯೇ ಸಾಕು: ಉಪ್ಪು ಹಾಕಿದ ನೀರು ಮಜ್ಜಿಗೆ, ಅಂಬಲಿ, ಬೆಲ್ಲ ಉಪ್ಪು ಬೆರೆಸಿದ ಮಾವಿನಕಾಯಿ ಪಾನಕ. ತೀರ ಸುಸ್ತಾದ ದಿನ ಓಆರ್‌ಎಸ್ ಪೊಟ್ಟಣ, ಅದಿಲ್ಲದಿದ್ದರೆ ಒಂದು ಲೀಟರ್ ನೀರಿಗೆ ಚಹಾ ಚಮಚದಿಂದ ಆರು ಸಮ ಚಮಚ ಸಕ್ಕರೆ, ಅರ್ಧ ಸಮ ಚಮಚ ಉಪ್ಪು. ಬಿಪಿ ಇರುವವರು ಇದನ್ನು ದಿನವೂ ಕುಡಿಯಬಾರದು. ಹೃದಯ ಅಥವಾ ಮೂತ್ರಪಿಂಡದ ಕಾಯಿಲೆಗೆ ವೈದ್ಯರು ನೀರಿನ ಮಿತಿ ಹಾಕಿದ್ದರೆ, ನಾನು ಹೇಳಿದ ಅಳತೆಯನ್ನು ಬಿಟ್ಟು ಅವರನ್ನೇ ಕೇಳಿ.

‘ರೂಢಿಯಾಗಿದೆ’ ಎಂಬ ಅವರ ಮಾತನ್ನು ತಳ್ಳಿಹಾಕಬೇಡಿ, ಅದರಲ್ಲಿ ಸತ್ಯವಿದೆ. ಒಂದರಿಂದ ಎರಡು ವಾರ ದಿನವೂ ಬಿಸಿಲಲ್ಲಿ ಕೆಲಸ ಮಾಡಿದರೆ ದೇಹ ನಿಜಕ್ಕೂ ಬದಲಾಗುತ್ತದೆ. ರಕ್ತದ ದ್ರವಭಾಗ ಹೆಚ್ಚುತ್ತದೆ, ಬೆವರು ಬೇಗ ಶುರುವಾಗುತ್ತದೆ, ಹೆಚ್ಚು ಬರುತ್ತದೆ, ಅದರಲ್ಲಿ ಉಪ್ಪು ಕಡಿಮೆಯಾಗುತ್ತದೆ. ಅಂದರೆ ರೂಢಿಯಾದವರಿಗೆ ನೀರು ಕಡಿಮೆ ಸಾಕು ಎಂಬುದು ತಲೆಕೆಳಗಾದ ನಂಬಿಕೆ, ಅವರಿಗೆ ಹೆಚ್ಚೇ ಬೇಕು. ರೂಢಿ ತಪ್ಪಿದರೆ ಕೆಲವೇ ವಾರಗಳಲ್ಲಿ ಈ ಬದಲಾವಣೆ ಇಳಿದುಹೋಗುತ್ತದೆ. ನನಗೆ ಹೆಚ್ಚು ಚಿಂತೆ ಬೆಂಗಳೂರಿನ ಎಸಿ ಕಚೇರಿಯಿಂದ ಮೇ ತಿಂಗಳ ಮದುವೆಗೆಂದು ಬಂದು, ಮಧ್ಯಾಹ್ನದ ಮೆರವಣಿಗೆಯಲ್ಲಿ ಕೋಟು ತೊಟ್ಟು ಕುಣಿಯುವ ಹುಡುಗರದು. ಬಿಸಿಲಲ್ಲಿ ಕೆಲಸ ಮಾಡುತ್ತ ಸತ್ತವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಕೆಲಸಕ್ಕೆ ಸೇರಿದ ಮೊದಲ ಕೆಲವು ದಿನಗಳಲ್ಲೇ ಸತ್ತವರು ಎಂದು ಅಮೆರಿಕದ ಕಾರ್ಮಿಕ ಸುರಕ್ಷತಾ ಇಲಾಖೆ ಹೇಳುತ್ತದೆ. ನೀವೂ ರಜೆಗೆ ಬಂದಾಗ ಮೊದಲ ವಾರ ಅಪ್ಪನ ಜೊತೆ ಪೈಪೋಟಿಗೆ ಇಳಿಯಬೇಡಿ.

ಆದರೆ 67ರ ಮೈಗೆ ರೂಢಿಯೊಂದೇ ಆಸರೆಯಾಗದು. ವಯಸ್ಸಾದಂತೆ ಒಂದೊಂದು ಗ್ರಂಥಿ ಸುರಿಸುವ ಬೆವರು ಕಡಿಮೆಯಾಗುತ್ತದೆ, ಚರ್ಮದ ರಕ್ತನಾಳಗಳು ಮೊದಲಿನಷ್ಟು ಹಿಗ್ಗುವುದಿಲ್ಲ. ಬಿಪಿಗೆ ಕೊಡುವ ಮಾತ್ರೆಗಳಲ್ಲಿ ಕೆಲವು ಮೂತ್ರ ಹೆಚ್ಚಿಸಿ ನೀರು, ಉಪ್ಪು ಎರಡನ್ನೂ ಹೊರಹಾಕುತ್ತವೆ. ಬೀಟಾ ಬ್ಲಾಕರ್ ಗುಂಪಿನವು ಹೃದಯದ ಓಟವನ್ನು ತಡೆಯುತ್ತವೆ. ಅಲರ್ಜಿ, ಮಾನಸಿಕ ಕಾಯಿಲೆ, ಮೂತ್ರ ತಡೆಯಲಾಗದ ತೊಂದರೆ ಇವುಗಳ ಕೆಲವು ಔಷಧಗಳು ಬೆವರನ್ನೇ ಕುಗ್ಗಿಸುತ್ತವೆ. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ, ಅದು ಇನ್ನೂ ಕೆಟ್ಟದ್ದು. ಮಾರ್ಚ್ ತಿಂಗಳಲ್ಲೇ ಚೀಟಿ ಹಿಡಿದುಕೊಂಡು ಹೋಗಿ, ‘ಅಪ್ಪ ಬಿಸಿಲಲ್ಲಿ ದುಡಿಯುತ್ತಾರೆ, ಬೇಸಿಗೆಗೆ ಏನಾದರೂ ಬದಲಾಯಿಸಬೇಕೇ’ ಎಂದು ವೈದ್ಯರನ್ನು ಕೇಳಿ. ಕೆಲಸದ ವೇಳೆಯನ್ನೂ ಬದಲಾಯಿಸಲಿ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುವ ಪದ್ಧತಿಯಿದೆ. ನೆರಳಲ್ಲಿ, ಫ್ಯಾನಿನ ಕೆಳಗೆ ಕುಳಿತವರಿಗೇ ಈ ಸೌಲಭ್ಯವಿದ್ದರೆ, ಹೊಲದವರು ಐದಕ್ಕೆ ಶುರುಮಾಡಿ ಹತ್ತಕ್ಕೆ ಮರಳುವುದರಲ್ಲಿ ಸಂಕೋಚವೇನು?

ಫ್ಯಾನಿನ ವಿಷಯದಲ್ಲಿ ಗೆದ್ದವರು ಅಪ್ಪ. 43 ಡಿಗ್ರಿಯ ಒಣ ಗಾಳಿಯನ್ನು 35 ಡಿಗ್ರಿಯ ಚರ್ಮದ ಮೇಲೆ ಬೀಸಿದರೆ ಅದು ಶಾಖವನ್ನೇ ತುಂಬುತ್ತದೆ. ಬೆವರು ಧಾರಾಳವಾಗಿದ್ದರೆ ಆವಿಯ ಲಾಭ ಅದನ್ನು ಮೀರಬಹುದು. ವಯಸ್ಸಾದವರ ಒಣ ಚರ್ಮದಲ್ಲಿ ಲಾಭವಿಲ್ಲ, ನಷ್ಟವೇ. ಗಾಳಿಯ ಉಷ್ಣತೆ 40 ದಾಟಿದರೆ ಫ್ಯಾನ್ ನೆಚ್ಚಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ಆದರೆ ಫ್ಯಾನ್ ಆರಿಸಿ ಸುಮ್ಮನೆ ಕೂರುವುದು ಪರಿಹಾರವಲ್ಲ. ದೇಹ ಸುರಿಸಲಾರದ ಬೆವರನ್ನು ನಾವೇ ಹೊರಗಿನಿಂದ ಕೊಡಬಹುದು: ಕೈ, ಕೊರಳು, ಎದೆಗೆ ನೀರು ಚಿಮುಕಿಸಿ, ಒದ್ದೆ ಟವೆಲ್ ಹೊದಿಸಿ ಫ್ಯಾನ್ ಹಾಕಿ. ಆಗ ಅದೇ ಗಾಳಿ ತಣ್ಣಗಾಗುತ್ತದೆ. ಹೊಲದಲ್ಲಿ ತಲೆಗೆ ಸುತ್ತಿದ ರುಮಾಲನ್ನು ಆಗಾಗ ನೀರಿಗೆ ಅದ್ದಿಕೊಳ್ಳುವುದೂ ಇದೇ ಲೆಕ್ಕ. ಅಂಗಿ ತೆಗೆದು ಬರಿಮೈಯಲ್ಲಿ ದುಡಿಯುವುದು ಮಾತ್ರ ನಮ್ಮ ಬಿಸಿಲಿಗೆ ಹೊಂದುವುದಿಲ್ಲ. ಸಡಿಲವಾದ, ತೆಳು ಬಣ್ಣದ ಹತ್ತಿಬಟ್ಟೆ ಬಿಸಿಲನ್ನು ತಡೆಯುತ್ತದೆ, ಬೆವರನ್ನು ಹೋಗಗೊಡುತ್ತದೆ.

ಕೂಲರ್ ಇದ್ದರೆ ಇನ್ನೂ ಒಳ್ಳೆಯದು. ನಮ್ಮ ಒಣ ಗಾಳಿಯಲ್ಲಿ ಅದು 43ನ್ನು 30ರ ಆಸುಪಾಸಿಗೆ ಇಳಿಸಬಲ್ಲದು. ಮಂಗಳೂರಿನಲ್ಲಿ ಕೊಂಡರೆ ದುಡ್ಡು ದಂಡ. ಆದರೆ ಎಸಿಯ ಅಭ್ಯಾಸದಿಂದ ಅನೇಕರು ಕೂಲರ್ ಹಾಕಿ ಕಿಟಕಿ ಬಾಗಿಲು ಭದ್ರವಾಗಿ ಮುಚ್ಚುತ್ತಾರೆ. ಅರ್ಧ ಗಂಟೆಯಲ್ಲಿ ಕೋಣೆಯ ಗಾಳಿ ನೀರು ತುಂಬಿಕೊಂಡು ಜಿಗಟಾಗುತ್ತದೆ, ಬೆವರು ಹಾರುವುದು ನಿಲ್ಲುತ್ತದೆ, ಕೂಲರ್ ಕೆಟ್ಟಿದೆ ಎಂದು ಮೆಕ್ಯಾನಿಕ್‌ಗೆ ಫೋನ್ ಹೋಗುತ್ತದೆ. ಎದುರಿನ ಕಿಟಕಿ ತೆರೆದಿಡಿ, ಅಷ್ಟೇ. ಮೇ ಕೊನೆಯಲ್ಲಿ ಸಂಜೆ ಮಳೆ ಬಂದ ದಿನ ಕೂಲರಿನಲ್ಲಿ ನೀರು ಹಾಕದೆ ಬರೀ ಗಾಳಿ ಬಿಡಿ. ಮಧ್ಯಾಹ್ನ ಮಲಗಲು ಮಂಚಕ್ಕಿಂತ ನೆರಳಿನಲ್ಲಿರುವ ಶಹಾಬಾದ್ ಕಲ್ಲಿನ ನೆಲವೇ ಮೇಲು. ಅದು ಚರ್ಮಕ್ಕಿಂತ ತಂಪಾಗಿರುವವರೆಗೆ ಮೈಯ ಶಾಖವನ್ನು ಎಳೆದುಕೊಳ್ಳುತ್ತಲೇ ಇರುತ್ತದೆ. ರಾತ್ರಿ ಕಾಂಕ್ರೀಟ್ ಚಾವಣಿ ಹಗಲು ನುಂಗಿದ ಶಾಖವನ್ನು ಕೆಳಗೆ ಕಕ್ಕುತ್ತದೆ. ಮಾಳಿಗೆಗೆ ನೀರು ಹಾಕಿ, ಆರಿದ ಮೇಲೆ ಅಲ್ಲೇ ಮಲಗುವ ನಮ್ಮ ಪದ್ಧತಿಗೆ ನನ್ನ ಪೂರ್ಣ ಬೆಂಬಲವಿದೆ, ಸೊಳ್ಳೆ ಪರದೆಯೊಂದಿಗೆ.

ಉಳ್ಳಾಗಡ್ಡಿ ಜೇಬಿನಲ್ಲಿದ್ದು ಶಾಖವನ್ನು ಹೀರುತ್ತದೆ ಎಂಬುದಕ್ಕೆ ಆಧಾರವಿಲ್ಲ. ಅದರಿಂದ ಹಾನಿಯೂ ಇಲ್ಲ, ಹಾಗಾಗಿ ಅದಕ್ಕಾಗಿ ಜಗಳ ಬೇಡ. ಇನ್ನೊಂದು ಜೇಬಿಗೆ ಓಆರ್‌ಎಸ್ ಪೊಟ್ಟಣ ಸೇರಿಸಿ.

ಜಗಳವಾದರೂ ಸರಿ, ಮನೆಯವರೆಲ್ಲರಿಗೂ ಕಲಿಸಬೇಕಾದದ್ದು ಒಂದಿದೆ. ಬಿಸಿಲಿನಿಂದ ಬಂದವರು ತೊದಲಿದರೆ, ಕೇಳಿದ್ದಕ್ಕೆ ಅಡ್ಡಾದಿಡ್ಡಿ ಉತ್ತರ ಕೊಟ್ಟರೆ, ಸುಮ್ಮಸುಮ್ಮನೆ ರೇಗಿದರೆ, ತೂರಾಡಿದರೆ, ಮೈ ಮುಟ್ಟಿದಾಗ ಸುಡುತ್ತಿದ್ದರೆ ಅದು ಬಿಸಿಲಾಘಾತ. ಒಳಗಿನ ಉಷ್ಣತೆ 40 ದಾಟಿರುತ್ತದೆ. ಚರ್ಮ ಒಣಗಿರಬಹುದು, ದುಡಿಯುತ್ತಿದ್ದವರಾದರೆ ಒದ್ದೆಯೂ ಇರಬಹುದು, ಅದನ್ನು ನೋಡಿ ತೀರ್ಮಾನಿಸಬೇಡಿ. ಜ್ವರವೆಂದು ಪ್ಯಾರಾಸಿಟಮಾಲ್ ಕೊಡಬೇಡಿ. ಜ್ವರದಲ್ಲಿ ಮಿದುಳೇ ಉಷ್ಣತೆಯ ಗುರಿಯನ್ನು ಏರಿಸಿಕೊಂಡಿರುತ್ತದೆ, ಮಾತ್ರೆ ಅದನ್ನು ಇಳಿಸುತ್ತದೆ. ಇಲ್ಲಿ ಗುರಿ ಏರಿಲ್ಲ, ತಣಿಸುವ ವ್ಯವಸ್ಥೆ ಸೋತಿದೆ. ಎಚ್ಚರ ತಪ್ಪುತ್ತಿರುವವರ ಬಾಯಿಗೆ ನೀರು ಹಾಕಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ನೆರಳಿಗೆ ಎಳೆದು, ಬಟ್ಟೆ ಸಡಿಲಿಸಿ, ಕೊಡಗಟ್ಟಲೆ ನೀರು ಸುರಿಯಿರಿ, ಒದ್ದೆ ಮೈಗೆ ಜೋರಾಗಿ ಗಾಳಿ ಬೀಸಿ. ಐಸ್ ಸಿಕ್ಕರೆ ಬಟ್ಟೆಯಲ್ಲಿ ಸುತ್ತಿ ಕೊರಳು, ಕಂಕುಳು, ತೊಡೆಸಂದಿಗೆ ಇಡಿ. ದನ ನೀರು ಕುಡಿಯುವ ತೊಟ್ಟಿ ಹತ್ತಿರವಿದ್ದರೆ, ಇಬ್ಬರು ಹಿಡಿದುಕೊಂಡು ಕುತ್ತಿಗೆಯವರೆಗೆ ಅದರಲ್ಲೇ ಕೂರಿಸಿ, ತಲೆ ಮುಳುಗದಂತೆ ನೋಡಿಕೊಳ್ಳಿ. ಒಬ್ಬರು ಇದನ್ನು ಮಾಡುತ್ತಿರುವಾಗಲೇ ಇನ್ನೊಬ್ಬರು 108ಕ್ಕೆ ಕರೆ ಮಾಡಲಿ. ಆಂಬುಲೆನ್ಸ್ ಬಂದು ನಿಲ್ಲುವವರೆಗೂ ನೀರು ಸುರಿಯುವುದನ್ನು ನಿಲ್ಲಿಸಬೇಡಿ.